ತಿಮಿಂಗಿಲ ಮೊಟ್ಟೆ ಇಟ್ಟ ಪುಟ

ಆ ಬೆಳಿಗ್ಗೆ ತಿಮಿಂಗಿಲವೊಂದು ದಡಕ್ಕೆ ಬಂದು, ಮರಳಿನಲ್ಲಿ ಗುಂಡಿ ತೋಡಿ, ಮೊಟ್ಟೆ ಇಟ್ಟು ಹೋಯಿತು. ಅತ್ತೆ ಅದನ್ನು ಕೇಳಿಸಿಕೊಂಡು, "ಹ್ಞೂಂ, ಮುಂದೆ" ಅಂದಳು.

ಪಿಸುಮಾತಿಗೆ ಮುಂದೆ ಓದಲು ದನಿಯೇ ಹೊರಡಲಿಲ್ಲ.

ಪಿಸುಮಾತು ಅನ್ನುವುದು ಅಚ್ಚುಕೂಟದವರು ಆ ಹುಡುಗಿಗೆ ಇಟ್ಟ ಹೆಸರು. ಡಿಗ್ರಿ ಮುಗಿಸಿದ್ದಳು, ಅಂಕಗಳೂ ಚೆನ್ನಾಗಿಯೇ ಬಂದಿದ್ದವು. ಆದರೆ ಎದುರಿಗೆ ಯಾರಾದರೂ ನಿಂತು "ಊಟ ಆಯ್ತಾ?" ಅಂದರೂ ಸಾಕು, ಉತ್ತರ ಗಂಟಲಿನ ತನಕ ಬಂದು, ಅಲ್ಲಿಂದ ಹೊರಗಿಣುಕಿ, ಯಾಕೋ ಬೇಡವೆನಿಸಿ ವಾಪಸು ಹೋಗುತ್ತಿತ್ತು. ಕೈಗೊಂದು ಪುಸ್ತಕ ಕೊಟ್ಟರೆ ಮಾತ್ರ ದನಿ ನೀರು ಹರಿದ ಹಾಗೆ. ಬೇರೆಯವರು ಬರೆದ ಮಾತಿಗೆ ತಾನು ಜವಾಬ್ದಾರಳಲ್ಲವಲ್ಲ! ಅದನ್ನು ಕಂಡುಹಿಡಿದವಳು ಅತ್ತೆ, ಅಪ್ಪನ ತಂಗಿ. "ಇವಳ ನಾಲಿಗೆಗೆ ಕೆಲಸ ಇದೆ, ನನ್ನ ಪಕ್ಕ ಕೂರಿಸ್ಕೊಳ್ತೀನಿ" ಎಂದು ಸೊಸೆಯನ್ನು ಕೈಹಿಡಿದು ಎಳೆದುಕೊಂಡು ಬಂದಿದ್ದಳು.

ಕಣ್ಣು ಕಾಣದವರು ಬೆರಳಿನಿಂದ ಓದುವ ಬ್ರೈಲ್ ಪುಸ್ತಕಗಳನ್ನು ಅಚ್ಚು ಹಾಕುವ ಜಾಗ ಅದು. ಶಾಯಿಯ ವಾಸನೆ ಇಲ್ಲದ ಅಚ್ಚುಕೂಟ. ಒಳಗಿನ ಹಜಾರದಲ್ಲಿ ಯಂತ್ರವೊಂದು ದಪ್ಪ ಹಾಳೆಗಳನ್ನು ಟಕಟಕ ಕುಟ್ಟಿ ಚುಕ್ಕೆ ಎಬ್ಬಿಸುತ್ತಿತ್ತು. ಕುಟ್ಟಿದ ಮೊದಲ ಪ್ರತಿ ಅತ್ತೆಯ ಮೇಜಿಗೆ ಬರಬೇಕು. ಹುಡುಗಿ ಕಣ್ಣಿನಿಂದ ಓದುವ ಮಾಮೂಲಿ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಾಳೆ. ಅತ್ತೆ ಬ್ರೈಲ್ ಹಾಳೆಯ ಮೇಲೆ ಬೆರಳು ಓಡಿಸುತ್ತಾಳೆ. ಕಿವಿಗೆ ಬಿದ್ದದ್ದಕ್ಕೂ ಬೆರಳಿಗೆ ತಾಕಿದ್ದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಬಂದರೆ "ನಿಲ್ಲು" ಅನ್ನುತ್ತಾಳೆ. ಅತ್ತೆ "ಹ್ಞೂಂ, ಮುಂದೆ" ಅಂದಳೆಂದರೆ ಆ ಸಾಲಿಗೆ ಮುದ್ರೆ ಬಿದ್ದ ಹಾಗೆ. ಇನ್ನು ಅದನ್ನು ಯಾರೂ ಪ್ರಶ್ನಿಸುವಂತಿಲ್ಲ.

ಆ ಬೆರಳನ್ನು ಹುಡುಗಿ ಪಕ್ಕದಲ್ಲಿ ಕೂತು ನೋಡುತ್ತಲೇ ಇದ್ದಳು. ಬಲಗೈಯ ತೋರುಬೆರಳು. ಒತ್ತುವುದಲ್ಲ, ಉಜ್ಜುವುದಲ್ಲ, ಮಲಗಿದ ಮಗುವಿನ ರೆಪ್ಪೆಯ ಮೇಲೆ ಕೈಯಾಡಿಸಿದಷ್ಟು ಹಗುರ. ಎಡಗೈಯ ಬೆರಳು ಮುಂದಿನ ಸಾಲು ಎಲ್ಲಿದೆಯೆಂದು ಕಾದು ಕೂತಿರುತ್ತದೆ, ಅಷ್ಟೇ. "ಎಡಗೈ ನನ್ನ ಜವಾನ" ಎಂದು ಅತ್ತೆ ನಗುತ್ತಿದ್ದಳು. "ಬಾಗಿಲು ತೆಗೀತಾನೆ, ಹಾಕ್ತಾನೆ. ಅಕ್ಷರ ಮಾತ್ರ ಕೂಡಿಬರಲಿಲ್ಲ ಪಾಪ." ಹಾಳೆಯಲ್ಲಿ ಒಂದೇ ಒಂದು ಚುಕ್ಕೆ ಹೆಚ್ಚಾಗಿದ್ದರೂ ಬಲದ ಬೆರಳು ಎಡವಿ ನಿಲ್ಲುತ್ತಿತ್ತು. ಆಗ ಅತ್ತೆ ಮೊಂಡಾದ ಮರದ ಕಡ್ಡಿಯೊಂದನ್ನು ತೆಗೆದು ಆ ಚುಕ್ಕೆಯನ್ನು ಒತ್ತಿ ಮಲಗಿಸುತ್ತಿದ್ದಳು.

ಈಗ ತಿಮಿಂಗಿಲ. ಮಕ್ಕಳಿಗಾಗಿ ಬರೆದ ಸಮುದ್ರದ ಪುಸ್ತಕ. ತಿಮಿಂಗಿಲದ ಮಾತು ಮುಗಿದು ಕಡಲಾಮೆಯ ಮಾತು ಶುರುವಾಗುವ ಕಡೆ ಹುಡುಗಿಯ ಕಣ್ಣು ಜಾರಿ, ನಡುವಿನ ಒಂದು ಸಾಲು ಹಾರಿಹೋಗಿತ್ತು. ಆಮೆ ಇಡಬೇಕಾದ ಮೊಟ್ಟೆಯನ್ನು ತಿಮಿಂಗಿಲ ಇಟ್ಟಿತ್ತು. ಅತ್ತೆಯ ಬೆರಳ ಕೆಳಗೆ ಸರಿಯಾದ ಸಾಲು ಇದ್ದೇ ಇತ್ತು. ಆದರೂ ಅತ್ತೆ "ನಿಲ್ಲು" ಅನ್ನಲಿಲ್ಲ.

ಹುಡುಗಿ ಆಗ ಬೆರಳನ್ನು ಸರಿಯಾಗಿ ನೋಡಿದಳು. ಅದು ಹಾಳೆಗೆ ತಾಕಿರಲೇ ಇಲ್ಲ. ಹಾಳೆಯ ಮೇಲೆ ಗಾಳಿಯಲ್ಲಿ ಮೆಲ್ಲಗೆ ಸರಿಯುತ್ತಿತ್ತು, ಓದುವವರ ಅಣಕ ಮಾಡಿದ ಹಾಗೆ.

"ಅತ್ತೆ."

"ಓದೇ. ಯಾಕೆ ನಿಲ್ಲಿಸ್ದೆ?"

"ಅತ್ತೆ, ನೀನು ಓದ್ತಾ ಇಲ್ಲ."

ಯಂತ್ರ ಟಕಟಕ ಅನ್ನುತ್ತಲೇ ಇತ್ತು. ಅತ್ತೆ ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದು ಕಂಕುಳಲ್ಲಿ ಇಟ್ಟುಕೊಂಡಳು. ಇತ್ತೀಚೆಗೆ ಅವಳು ಹಾಗೆ ಮಾಡುವುದನ್ನು ಹುಡುಗಿ ಕಂಡಿದ್ದಳು, ಚಳಿಗೆ ಅಂದುಕೊಂಡಿದ್ದಳು. ಟೀ ಲೋಟವನ್ನು ಮುಗಿದ ಮೇಲೂ ಬಿಡದೆ ಹಿಡಿದುಕೊಂಡಿರುವುದು, ಕಿಟಕಿಯ ಕಬ್ಬಿಣದ ಸರಳನ್ನು ಮುಟ್ಟದೆ ಕದವನ್ನು ಮೊಣಕೈಯಿಂದ ತಳ್ಳುವುದು, ಬಟ್ಟೆ ಹಿಂಡುವಾಗ ತೋರುಬೆರಳನ್ನು ಒಂದು ಕಡೆ ಎತ್ತಿಟ್ಟುಕೊಳ್ಳುವುದು, ಎಲ್ಲವೂ ಈಗ ಸಾಲಾಗಿ ಬಂದು ಎದುರು ನಿಂತವು.

"ಉಗುರಿನ ಕೆಳಗೆ," ಅತ್ತೆ ಹೇಳಿದಳು. ಅವಳ ದನಿ ಈಗ ಸೊಸೆಯ ದನಿಗಿಂತ ಸಣ್ಣದಾಗಿತ್ತು. "ಒಂದೇ ಒಂದು ಕಡೆ. ತಣ್ಣಗಿರೋದು ತಾಕಿದ್ರೆ ಯಾರೋ ಕಾದ ಸೂಜಿ ಇಳಿಸಿದ ಹಾಗೆ ಭುಜದ ತನಕ ಎಳೆಯತ್ತೆ. ಎರಡು ಚಳಿಗಾಲ ಆಯ್ತು. ಈಗ ಹಾಳೆ ತಾಕಿದ್ರೂ ಆಗ್ತಿಲ್ಲ ಕಣೇ."

"ಯಾಕೆ ಹೇಳ್ಲಿಲ್ಲ?"

"ಹೇಳ್ದೆ. ಒಬ್ಬ ಡಾಕ್ಟ್ರು ಫೋಟೋ ತೆಗೆಸಿ ಮೂಳೆ ಗಟ್ಟಿಯಾಗಿದೆ ಅಂದ್ರು. ಇನ್ನೊಬ್ರು ಟಾನಿಕ್ ಬರೆದು, ಯೋಚನೆ ಕಮ್ಮಿ ಮಾಡಿ ಅಂದ್ರು. ಆಮೇಲೆ ನಿಮ್ಮಪ್ಪ ಇದ್ದಾನಲ್ಲ, ದೊಡ್ಡ ಡಾಕ್ಟ್ರು."

ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ಅವನ ಬಲ ಭುಜದ ಹಿಂದೆ ನಿಂಬೆಹಣ್ಣಿನ ಗಾತ್ರದ ಗಂಟೊಂದಿತ್ತು. ಮುಟ್ಟಿದರೆ ಚರ್ಮದಡಿಯಲ್ಲಿ ಅತ್ತಿತ್ತ ಜಾರುವ ಮೆತ್ತನೆಯ ಕೊಬ್ಬಿನ ಗಂಟು. ಅದನ್ನು ಅವನು "ನಮ್ಮ ಬಾಡಿಗೆದಾರ" ಅನ್ನುತ್ತಿದ್ದ. ಉಪಕರಣದ ಚೀಲದ ಪಟ್ಟಿ ಅದರ ಮೇಲೆ ಬೀಳದ ಹಾಗೆ ಜರುಗಿಸಿಕೊಂಡು, ಸ್ನಾನ ಮಾಡುವಾಗ ಸೋಪು ಹಚ್ಚಿ, ಬಂದವರಿಗೆಲ್ಲ ಅಂಗಿ ಸರಿಸಿ ತೋರಿಸುತ್ತಿದ್ದ. "ನೋಡಿ, ಇಷ್ಟು ದೊಡ್ಡದಿದೆ, ಒಂದು ದಿನ ನೋಯಲಿಲ್ಲ. ಸಾದಾ ಗಂಟು ಅಂದ್ರೆ ಹೀಗಿರಬೇಕು. ನೋಯ್ತು ಅಂದ್ರೆ ಅದು ಕೆಟ್ಟದ್ದು ಅಂತಲೇ ಲೆಕ್ಕ." ಅಮ್ಮ ಒಳಗಿನಿಂದ ಕೂಗುತ್ತಿದ್ದಳು: "ರೀ, ಬಂದವರಿಗೆ ಮೊದಲು ಕುರ್ಚಿ ಕೊಡಿ. ನಿಮ್ಮ ಬಾಡಿಗೆದಾರ ಎಲ್ಲೂ ಓಡಿಹೋಗಲ್ಲ."

ಎಲ್ಲರೂ ನಗುತ್ತಿದ್ದರು. ಅತ್ತೆಯೂ ನಗುತ್ತಿದ್ದಳು. ನಗುತ್ತಲೇ ಆ ಮಾತನ್ನು ಒಳಗೆ ಇಳಿಸಿಕೊಂಡಿದ್ದಳು.

"ನನ್ನ ಬೆರಳಲ್ಲಿ ಊತ ಇಲ್ಲ. ಹಾಗಾದ್ರೆ ನನಗೆ ಭ್ರಮೆ. ಭ್ರಮೆ ಅಲ್ಲ, ಒಳಗೆ ಏನೋ ಇದೆ ಅಂದ್ರೆ, ನೋಯ್ತಾ ಇರೋದರಿಂದ ಅದು ಕೆಟ್ಟದ್ದು. ಕೆಟ್ಟದ್ದಾದ್ರೆ ಬೆರಳು ಕತ್ತರಿಸ್ತಾರೆ." ಅತ್ತೆ ಕಂಕುಳಿನ ಕೈಯನ್ನು ಇನ್ನಷ್ಟು ಒತ್ತಿಕೊಂಡಳು. "ನಿಮಗೆಲ್ಲ ಅದು ಹತ್ತರಲ್ಲಿ ಒಂದು. ನನಗೆ ಅದೇ ಕಣ್ಣು ಕಣೇ. ಇನ್ನೊಂದು ಸಲ ಕಣ್ಣು ಕಳ್ಕೊಳ್ಳೋ ಶಕ್ತಿ ನನಗಿಲ್ಲ."

ಚಿಕ್ಕಂದಿನಲ್ಲಿ ಜ್ವರ ಬಂದು ದೃಷ್ಟಿ ಹೋದದ್ದರ ಬಗ್ಗೆ ಅತ್ತೆ ಎಂದೂ ಮಾತಾಡಿದವಳಲ್ಲ. ಹುಡುಗಿ ಎದುರಿನ ಹಾಳೆಗಳ ಕಟ್ಟನ್ನು ನೋಡಿದಳು. ಇವುಗಳಲ್ಲಿ ಎಷ್ಟಕ್ಕೆ ಅತ್ತೆ ಗಾಳಿಯಲ್ಲಿ ಮುದ್ರೆ ಒತ್ತಿದ್ದಾಳೋ!

ಅತ್ತೆಗೂ ಅದೇ ಹೊಳೆದಿರಬೇಕು. ಎದ್ದಳು, ಗೋಡೆ ಸವರಿಕೊಂಡು ಮ್ಯಾನೇಜರ ಕೋಣೆಗೆ ಹೋದಳು. "ಸಮುದ್ರದ ಹಾಳೆ ಯಾವುದನ್ನೂ ಯಂತ್ರಕ್ಕೆ ಕೊಡಬೇಡಿ. ನಾನು ಓದಿಲ್ಲ, ಓದಿದ ಹಾಗೆ ಮಾಡಿದೀನಿ" ಅಂದಳು.

ಮ್ಯಾನೇಜರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅತ್ತೆಯನ್ನು ಕಂಡರೆ ಅವರಿಗೆ ಮೊದಲಿನಿಂದಲೂ ಸ್ವಲ್ಪ ಭಯ. "ಮಕ್ಕಳಿಗೆ ಪುಸ್ತಕ ಕೊಡಬೇಕಲ್ಲ, ಶಾಲೆ ತೆರೆಯೋ ತನಕ ಕಾಯ್ತೀನಮ್ಮ. ಆಮೇಲೆ ಬೇರೆ ಬೆರಳು ಹುಡುಕಬೇಕಾಗತ್ತೆ" ಅಂದರು. ಕಟುವಾಗಿ ಹೇಳಲಿಲ್ಲ. ಆದರೂ ಆ ಮಾತು ಹಜಾರವನ್ನೆಲ್ಲ ತುಂಬಿಕೊಂಡಿತು.

*

ದೊಡ್ಡ ಆಸ್ಪತ್ರೆಯಲ್ಲಿ ಕೈಗೆ ಸಂಬಂಧಪಟ್ಟದ್ದನ್ನು ಮಾತ್ರ ನೋಡುವ ಡಾಕ್ಟರೊಬ್ಬರಿದ್ದರು. ಹೆಂಗಸು, ನೆರೆತ ಕೂದಲು. ಅಪ್ಪ ಒಂದು ಕಡೆ, ಹುಡುಗಿ ಒಂದು ಕಡೆ, ನಡುವೆ ಅತ್ತೆ. ಕೋಣೆಗೆ ಕಾಲಿಟ್ಟದ್ದೇ ತಡ, ಅತ್ತೆ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಧೈರ್ಯ ಬಿಟ್ಟುಹೋಯಿತು.

"ಏನಿಲ್ಲ ಡಾಕ್ಟ್ರೇ, ಸ್ವಲ್ಪ ನೋವು. ಚಳಿಗೆ ಇರಬೇಕು."

"ಎಷ್ಟು ನೋವು?"

"ಹೀಗೇ, ಸ್ವಲ್ಪ."

ಅಪ್ಪ ಬಾಯಿ ಹಾಕಿದ. "ನಾನೂ ಅದೇ ಹೇಳ್ದೆ. ಊತ ಇಲ್ಲ, ಏನಿಲ್ಲ. ನನ್ನದು ನೋಡಿ ಡಾಕ್ಟ್ರೇ..." ಎಂದು ಅಂಗಿಯ ಗುಂಡಿಗೆ ಕೈ ಹಾಕಿದ.

ಆಗ ಯಾರೋ ಗಟ್ಟಿಯಾಗಿ ಮಾತಾಡಿದರು. ಅದು ತನ್ನದೇ ದನಿಯೆಂದು ಹುಡುಗಿಗೆ ಗೊತ್ತಾಗಿದ್ದು ಎಲ್ಲರೂ ತನ್ನ ಕಡೆ ತಿರುಗಿದಾಗ. ಕೈಯಲ್ಲಿ ಪುಸ್ತಕ ಇರಲಿಲ್ಲ. "ತಿಮಿಂಗಿಲ ಮೊಟ್ಟೆ ಇಡ್ತು ಡಾಕ್ಟ್ರೇ! ಅತ್ತೆ ಸುಮ್ಮನೆ ಬಿಟ್ಟಳು. ಒಂದು ಚುಕ್ಕೆ ಹೆಚ್ಚಾದ್ರೆ ಬಿಡೋಳಲ್ಲ, ಇಡೀ ತಿಮಿಂಗಿಲವನ್ನ ಬಿಟ್ಟಳು. ಅಷ್ಟು ನೋವು."

ಡಾಕ್ಟರಿಗೆ ನಗು ಬಂತು. ವಿಷಯ ಪೂರ್ತಿ ತಿಳಿದ ಮೇಲೆ ನಗು ಹೋಯಿತು. ಅತ್ತೆಯ ಕೈಯನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡು, ಗುಂಡುಪಿನ್ನೊಂದನ್ನು ತಿರುಗಿಸಿ ಹಿಡಿದರು, ಚೂಪಿನ ಕಡೆಯಿಂದಲ್ಲ, ತಲೆಯ ಕಡೆಯಿಂದ. ಉಗುರಿನ ಮೇಲೆ ಒಂದು ಕಡೆ ಮೆಲ್ಲಗೆ ಒತ್ತಿದರು.

"ಇಲ್ಲಿ?"

"ಇಲ್ಲ."

"ಇಲ್ಲಿ?"

"ಊಹ್ಞೂಂ."

ಮತ್ತೊಂದು ಕಡೆ ತಾಕುವಷ್ಟರಲ್ಲಿ ಅತ್ತೆ ಕುರ್ಚಿಯಿಂದ ಅರ್ಧ ಎದ್ದುಬಿಟ್ಟಳು. ಎಂದೂ ಕೂಗದ ಅತ್ತೆ ಕೂಗಿದ್ದನ್ನು ಕೇಳಿ ಅಪ್ಪನ ಕೈ ಗುಂಡಿಯ ಮೇಲೇ ನಿಂತಿತು. ಡಾಕ್ಟರು ಪಿನ್ನನ್ನು ಒಂದು ಎಳ್ಳಿನಷ್ಟು ಪಕ್ಕಕ್ಕೆ ಸರಿಸಿ ಮತ್ತೆ ಒತ್ತಿದರು. ಏನೂ ಇಲ್ಲ. ಅಲ್ಲಿ ಬೆಂಕಿ, ಅದರ ಪಕ್ಕದಲ್ಲೇ ಏನೂ ಇಲ್ಲ.

"ಭ್ರಮೆ ಇಷ್ಟು ಸರಿಯಾಗಿ ಒಂದೇ ಜಾಗದಲ್ಲಿ ಕೂರಲ್ಲ" ಅಂದರು ಡಾಕ್ಟರು. ಆಮೇಲೆ ಅತ್ತೆಯ ಕೈಯನ್ನು ಮೇಲಕ್ಕೆತ್ತಿಸಿ, ಬಿ.ಪಿ. ನೋಡುವ ಪಟ್ಟಿಯನ್ನು ತೋಳಿಗೆ ಸುತ್ತಿ, ಗಾಳಿ ತುಂಬುತ್ತ ಹೋದರು. ಪಟ್ಟಿ ಬಿಗಿಯಾಯಿತು. ಕೈ ಬಿಳಿಚಿಕೊಂಡಿತು. "ಈಗ ಸ್ವಲ್ಪ ಹೊತ್ತು ಕೈಗೆ ರಕ್ತ ಹೋಗಲ್ಲ. ಹೆದರಬೇಡಿ" ಎಂದು ಅದೇ ಪಿನ್ನಿನ ತಲೆಯನ್ನು ಅದೇ ಜಾಗಕ್ಕೆ ಒತ್ತಿದರು.

ಅತ್ತೆ ಕಾದಳು. ಅವಳ ಮುಖ ನೋವಿಗೆ ಸಿದ್ಧವಾಗಿ ಮುದುಡಿಕೊಂಡಿತ್ತು. ಅದು ಸ್ವಲ್ಪ ಸ್ವಲ್ಪವೇ ಬಿಚ್ಚಿಕೊಂಡಿತು.

"ಒತ್ತಿದಿರಾ?"

"ಒತ್ತುತ್ತಾ ಇದೀನಿ."

"ನೋವು... ಇಲ್ಲ." ಅತ್ತೆ ತಲೆಯನ್ನು ಅತ್ತಿತ್ತ ತಿರುಗಿಸಿದಳು, ಕೋಣೆಯಿಂದ ಯಾರೋ ಎದ್ದುಹೋದ ಸದ್ದನ್ನು ಹುಡುಕುವವಳ ಹಾಗೆ. "ಅಣ್ಣಾ, ಇಲ್ಲ ಕಣೋ! ನಿಂತುಹೋಯ್ತು!"

ಡಾಕ್ಟರು ಗಾಳಿ ಬಿಟ್ಟರು. ಕೈಗೆ ಬಣ್ಣ ಬಂತು. ಬಣ್ಣದ ಜೊತೆಗೇ ನೋವೂ ಬಂತು. ನೋವೆನ್ನುವುದು ದೀಪದ ಹಾಗೆ ಆರಿ ಹೊತ್ತಿಕೊಂಡದ್ದನ್ನು ಹುಡುಗಿ ಎಂದೂ ಕಂಡಿರಲಿಲ್ಲ.

ಡಾಕ್ಟರು ಸಣ್ಣ ಟಾರ್ಚೊಂದನ್ನು ಬೆರಳಿಗೆ ಹಿಡಿದು, ಭೂತಗನ್ನಡಿಯನ್ನು ಹುಡುಗಿಯ ಕೈಗೆ ಕೊಟ್ಟರು. "ನೋಡು. ನಿಮ್ಮತ್ತೆಗೆ ನೀನೇ ಹೇಳು."

ಉಗುರಿನ ಬುಡದ ಹತ್ತಿರ, ಗುಲಾಬಿ ಬಣ್ಣದ ನಡುವೆ, ಒಂದು ನೀಲಿ ನೆರಳು. ಶಾಯಿಯ ಪೆನ್ನನ್ನು ತಾಕಿಸಿ ತೆಗೆದ ಹಾಗೆ. ಇಷ್ಟು ಕಾಲ ಪಕ್ಕದಲ್ಲೇ ಕೂತು ಅವಳು ಕಾಣದೇ ಹೋದದ್ದು.

"ನೀಲಿ ಇದೆ ಅತ್ತೆ. ತುಂಬಾ ಸಣ್ಣದು."

"ನೀಲಿ," ಅತ್ತೆ ಅಂದಳು. ಕಣ್ಣು ಹೋಗುವ ಮುಂಚಿನ ಯಾವುದೋ ನೀಲಿಯನ್ನು ಹುಡುಕಿದಳೋ ಏನೋ. "ಕೆಟ್ಟದ್ದಾ ಡಾಕ್ಟ್ರೇ?"

"ಇದರ ಲಕ್ಷಣವೆಲ್ಲ ಸಾದಾ ಗಂಟಿನದೇ. ತೆಗೆದು ಪರೀಕ್ಷೆಗೆ ಕಳಿಸೋಣ, ಆಗ ಖಾತ್ರಿ ಆಗತ್ತೆ."

ಅಪ್ಪನಿಗೆ ತಡೆಯಲಾಗಲಿಲ್ಲ. "ಸಾದಾ ಗಂಟು ನೋಯತ್ತಾ ಡಾಕ್ಟ್ರೇ?"

"ಸಾದಾ ಅಂದ್ರೆ ಬೇರೆ ಕಡೆ ಹರಡಲ್ಲ ಅಂತ ಅಷ್ಟೇ. ನೋಯಲ್ಲ ಅಂತ ಯಾರು ಹೇಳಿದ್ರು? ಎಷ್ಟೋ ಗಂಟು ನೋಯಲ್ಲ, ನಿಜ. ಕೆಲವು ನರವನ್ನೋ ಮೂಳೆಯನ್ನೋ ಒತ್ತಿ ನೋಯಿಸ್ತವೆ. ಇದು ತಾನೇ ನೋವಿನ ಜಾತಿಯದು. ಇನ್ನೊಂದು ಹೇಳ್ತೀನಿ ಕೇಳಿ, ಕೆಟ್ಟ ಗಡ್ಡೆ ಎಷ್ಟೋ ಸಲ ಶುರುವಿನಲ್ಲಿ ನೋಯೋದೇ ಇಲ್ಲ. ನೋವನ್ನ ನೋಡಿ ಒಳ್ಳೇದು ಕೆಟ್ಟದ್ದು ಹೇಳೋಕಾಗಲ್ಲ."

ಅಪ್ಪನ ಮುಖದ ಬಣ್ಣ ಇಳಿಯಿತು. ಕೈ ತಾನಾಗಿ ಭುಜದ ಹಿಂದಕ್ಕೆ ಹೋಯಿತು. "ಹಾಗಾದ್ರೆ ನನ್ನದನ್ನೂ ಒಮ್ಮೆ..."

ಡಾಕ್ಟರು ಒತ್ತಿ ನೋಡಿದರು. "ಕೊಬ್ಬು. ಇರಲಿ ಬಿಡಿ ಪಾಪ. ಬೇಗ ಬೆಳೆದ್ರೆ, ಗಟ್ಟಿಯಾದ್ರೆ ಬನ್ನಿ." ಆಮೇಲೆ ಅತ್ತೆಯ ಕಡೆ ತಿರುಗಿದರು. "ನಮ್ಮೆಲ್ಲರ ಬೆರಳ ತುದಿಯಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ನಲ್ಲಿಗಳಿವೆ ಅಂದ್ಕೊಳ್ಳಿ. ರಾಶಿ ರಾಶಿ ಇವೆ. ಚಳಿ ತಾಕಿದ್ರೆ ಮುಚ್ಚಿಕೊಂಡು ರಕ್ತದ ಬಿಸಿ ಉಳಿಸ್ತವೆ, ಸೆಕೆ ಆದ್ರೆ ತೆರೆದು ಬಿಸಿ ಬಿಡ್ತವೆ. ನಾವು ಮಲಗಿದ್ರೂ ಅವು ಮಲಗಲ್ಲ. ಅಂಥ ಒಂದು ನಲ್ಲಿ ಅಗತ್ಯಕ್ಕಿಂತ ಹೆಚ್ಚು ಬೆಳೆದಿದೆ. ಮೇಲೆ ಉಗುರು, ಕೆಳಗೆ ಮೂಳೆ, ಜಾಗ ಎಲ್ಲಿದೆ ಅದಕ್ಕೆ?"

ಹುಡುಗಿ ತನ್ನ ಕೈಯನ್ನೇ ನೋಡಿಕೊಂಡಳು. ಪುಟ ತಿರುಗಿಸಲು, ಮುಖ ಮುಚ್ಚಿಕೊಳ್ಳಲು ಮಾತ್ರ ಬಳಸುತ್ತಿದ್ದ ಕೈ. ಅದರೊಳಗೆ ಇಷ್ಟೊಂದು ಮಂದಿ ಕಾವಲುಗಾರರು ಹಗಲಿರುಳು ಎಚ್ಚರವಾಗಿದ್ದಾರೆ, ತನ್ನನ್ನೊಂದು ಮಾತೂ ಕೇಳದೆ!

"ಅಂದ್ರೆ ಅದು ವೈರಿ ಅಲ್ಲ," ಅತ್ತೆ ನಿಧಾನವಾಗಿ ಅಂದಳು. "ಅತಿ ಕೆಲಸ ಮಾಡೋ ನಮ್ಮವನೇ."

"ಸರಿಯಾಗಿ ಹೇಳಿದ್ರಿ."

"ತೆಗೆದ್ರೆ ಓದೋ ಸ್ಪರ್ಶ ಹೋಗತ್ತಾ?" ಇಷ್ಟು ದಿನ ಕಂಕುಳಲ್ಲಿ ಮುಚ್ಚಿಟ್ಟಿದ್ದ ಪ್ರಶ್ನೆ ಕೊನೆಗೂ ಹೊರಬಂತು.

"ನೀವು ಓದೋದು ಬೆರಳಿನ ಹೊಟ್ಟೆಯಿಂದ. ನಾನು ಬರೋದು ಬೆನ್ನಿನಿಂದ, ಉಗುರು ಎತ್ತಿ. ಹೊಟ್ಟೆಯ ಕಡೆ ಚಾಕು ತರಲ್ಲ. ಕೆಲವು ದಿನ ಮಂದವಾಗಿರಬಹುದು, ಆಮೇಲೆ ಮರಳತ್ತೆ ಅನ್ನೋ ನಂಬಿಕೆ ನನಗಿದೆ. ನಂಬಿಕೆ ಅಂದೆ, ಗ್ಯಾರಂಟಿ ಅನ್ನಲಿಲ್ಲ."

ಅತ್ತೆ ತಲೆಯಾಡಿಸಿದಳು. ಬಣ್ಣ ಹಚ್ಚಿದ ಮಾತು ಅವಳಿಗೆ ಎಂದೂ ಹಿಡಿಸುತ್ತಿರಲಿಲ್ಲ. "ತೆಗೀರಿ" ಅಂದಳು.

*

ಆಪರೇಷನ್ ಬೆರಳಿಗಷ್ಟೇ ಮರಗಟ್ಟಿಸುವ ಮದ್ದು ಕೊಟ್ಟು ನಡೆಯಿತು. ಅತ್ತೆ ಎಚ್ಚರವಾಗಿಯೇ ಇದ್ದಳು. ಒಳಗೆ ನರ್ಸಮ್ಮನ ಜೊತೆ ಬ್ರೈಲ್ ಬಗ್ಗೆ ಭಾಷಣವನ್ನೇ ಬಿಗಿದಳಂತೆ. ಹೊರಗೆ ಅಪ್ಪ ಆಸ್ಪತ್ರೆಯ ಲಿಫ್ಟಿನ ಬಾಗಿಲು ಮುಚ್ಚುವ ಸದ್ದನ್ನು ಕೇಳಿ, "ಇದಕ್ಕೆ ಎಣ್ಣೆ ಕಾಣಿಸಬೇಕು" ಎಂದು ಮತ್ತೆ ಮತ್ತೆ ಗೊಣಗುತ್ತ ಕೂತಿದ್ದ. ಹೆದರಿದಾಗ ಅವನಿಗೆ ಲಿಫ್ಟುಗಳ ಚಿಂತೆ ಶುರುವಾಗುತ್ತದೆ.

ಅತ್ತೆಯನ್ನು ಕರೆತಂದು ಕೂರಿಸಿದ ಮೇಲೆ ಡಾಕ್ಟರು ಮುಚ್ಚಳ ಬಿಗಿದ ಸಣ್ಣ ಬಾಟಲಿಯೊಂದನ್ನು ಹುಡುಗಿಯ ಕೈಗಿಟ್ಟರು. ಪರೀಕ್ಷೆಗೆ ಹೋಗಬೇಕಾದದ್ದು.

"ಓದು," ಅಂದಳು ಅತ್ತೆ. ಬೆರಳಿಗೆ ದಪ್ಪನೆಯ ಬಿಳಿ ಕಟ್ಟು. "ಏನು ಕಾಣತ್ತೆ, ಬಿಡದೆ ಓದು. ಸಾಲು ಹಾರಿಸಬೇಡ."

ಹುಡುಗಿ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೊದಲು ನೀರಿನಂಥ ದ್ರವ ಬಿಟ್ಟು ಬೇರೇನೂ ಕಾಣಲಿಲ್ಲ. ಅಲುಗಿಸಿದಾಗ ತಳದಿಂದ ಏನೋ ಎದ್ದು, ತೇಲಿ, ಮತ್ತೆ ಕೂತಿತು.

"ಒಂದು ಕಾಳು. ಕೆಂಪೂ ಅಲ್ಲ, ಬೂದಿಯೂ ಅಲ್ಲ. ದುಂಡಗಿದೆ. ಅತ್ತೆ, ಇದು... ಇದು ನಮ್ಮ ಹಾಳೆಯ ಚುಕ್ಕೆಗಿಂತ ಚೂರೇ ಚೂರು ದೊಡ್ಡದು."

"ಅಷ್ಟೇನಾ?"

"ಅಷ್ಟೇ."

ಅತ್ತೆ ಎಡಗೈ ಚಾಚಿ ಬಾಟಲಿ ಇಸಿದುಕೊಂಡು ಕಿವಿಯ ಹತ್ತಿರ ಅಲುಗಿಸಿದಳು. ಅದು ಸದ್ದು ಮಾಡುವಷ್ಟೂ ದೊಡ್ಡದಿರಲಿಲ್ಲ. "ಇಷ್ಟು ಸಣ್ಣದು ಇಡೀ ನನ್ನನ್ನ ಹಿಡಿದು ಆಡಿಸ್ತಲ್ಲೇ!" ಅಂದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ದೊಡ್ಡ ಬೆಟ್ಟವನ್ನು ಮೊದಲ ಸಲ ಕಂಡವರು ಹಾಗೆ ಮಾತಾಡುತ್ತಾರೆ.

ಅಪ್ಪ ತನ್ನ ಭುಜ ಮುಟ್ಟಿಕೊಂಡು, "ನಮ್ಮವನು ಇಷ್ಟು ವರ್ಷ ಉಂಡು ಮಲಗಿದ್ದೇ ಬಂತು" ಅಂದ. ಆಮೇಲೆ ತಂಗಿಯ ತಲೆಯ ಮೇಲೆ ಕೈಯಿಟ್ಟ. "ನೋಯತ್ತೆ ಅಂತ ನೀನು ಅಂದಾಗ ನಾನು ಅಂಗಿ ಬಿಚ್ಚಿ ತೋರಿಸ್ತಿದ್ನಲ್ಲಮ್ಮ."

"ನನಗೆ ಕಾಣಿಸ್ಲೂ ಇಲ್ಲ ಬಿಡು," ಅಂದಳು ಅತ್ತೆ. ಅಪ್ಪನಿಗೆ ಕಣ್ಣೀರು, ನಗು ಎರಡೂ ಒಟ್ಟಿಗೆ ಬಂದವು.

ಸಾದಾ ಗಂಟೇ ಎಂದು ವರದಿ ಬಂತು. ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು, ಅತ್ತೆ ಮಾತ್ರ ಬಿಡಲಿಲ್ಲ. ಕಟ್ಟು ಬಿಚ್ಚಿದ ಮೇಲೂ ಬೆರಳು ಕಂಬಳಿ ಹೊದ್ದುಕೊಂಡವರ ಹಾಗೆ ಮಂಕಾಗಿತ್ತು. ಅವಳು ಅದರಿಂದ ಗೋಡೆ ಮುಟ್ಟುತ್ತಿದ್ದಳು, ಸೆರಗಿನ ಅಂಚು ಮುಟ್ಟುತ್ತಿದ್ದಳು, ಬಾಚಣಿಗೆಯ ಹಲ್ಲು ಮುಟ್ಟುತ್ತಿದ್ದಳು. ಬ್ರೈಲ್ ಹಾಳೆಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅಮ್ಮ ಒಂದು ದಿನ "ಒಂದು ಸಾಲು ನೋಡಬಾರದಾ?" ಅಂದದ್ದಕ್ಕೆ, "ಅತ್ತಿಗೆ, ಅದು ಕರೆದಾಗ ಹೋಗ್ತೀನಿ" ಅಂದಿದ್ದಳು.

ಶಾಲೆ ತೆರೆಯುವ ದಿನ ಹತ್ತಿರವಾಗುತ್ತಿದ್ದ ಒಂದು ಬೆಳಿಗ್ಗೆ, ರಾತ್ರಿಯಿಡೀ ಮಳೆ ಸುರಿದು ಚಳಿ ಕೊರೆಯುತ್ತಿತ್ತು. ಅತ್ತೆ ಸ್ನಾನ ಮುಗಿಸಿ ಬಂದವಳು ಕಿಟಕಿಯ ಹತ್ತಿರ ನಿಂತು, ಕಬ್ಬಿಣದ ಸರಳನ್ನು ಬಲಗೈಯಿಂದ ಇಡಿಯಾಗಿ ಹಿಡಿದುಕೊಂಡಳು. ಹಿಡಿದೇ ನಿಂತಳು. ಹುಡುಗಿ ಬಾಚುತ್ತಿದ್ದ ಕೂದಲನ್ನು ಹಾಗೇ ಬಿಟ್ಟು ನೋಡಿದಳು.

"ತಣ್ಣಗಿದೆ," ಅಂದಳು ಅತ್ತೆ. "ಬರೀ ತಣ್ಣಗಿದೆ ಕಣೇ. ಎಷ್ಟು ಚೆನ್ನಾಗಿದೆ!" ಮತ್ತೆ, "ನಡಿ, ಹೊತ್ತಾಯ್ತು" ಅಂದಳು.

ಸಮುದ್ರದ ಹಾಳೆಗಳು ಮ್ಯಾನೇಜರ ಕಪಾಟಿನಲ್ಲಿ ಹಾಗೇ ಕೂತಿದ್ದವು. ಅವರೇ ತಂದು ಮೇಜಿನ ಮೇಲಿಟ್ಟು, ಹೋಗದೆ, ಬಾಗಿಲ ಹತ್ತಿರ ಏನೋ ಹುಡುಕುವವರ ಹಾಗೆ ನಿಂತರು. ಹುಡುಗಿ ಪುಸ್ತಕ ತೆರೆದಳು.

"ನೀನು ಓದಬೇಡ," ಅಂದಳು ಅತ್ತೆ. "ನಿನ್ನ ದನಿ ಕೇಳಿದ್ರೆ ಕಿವಿ ಮೋಸ ಮಾಡತ್ತೆ. ಇವತ್ತು ನಾನು ಓದ್ತೀನಿ, ನೀನು ಪುಸ್ತಕ ನೋಡ್ಕೊಂಡು ಹಿಂದೆ ಬಾ."

ಬೆರಳು ಹಾಳೆಗೆ ಇಳಿಯಿತು. ಮೊದಲ ಸಾಲಿನ ಮೇಲೆ ತಡವರಿಸಿತು, ಹಿಂದೆ ಹೋಯಿತು, ಮತ್ತೆ ಬಂತು. ಅತ್ತೆಯ ತುಟಿ ಅಲುಗಿತು, ದನಿ ಹೊರಡಲಿಲ್ಲ. ಬೆರಳು ಮೂರನೆಯ ಸಲ ಸಾಲಿನ ಮೊದಲಿಗೆ ಬಂತು.

"ತಿಮಿಂಗಿಲ," ಅತ್ತೆ ಓದಿದಳು. ಗುರುತಿನವರು ಸಿಕ್ಕಿದ ಹಾಗೆ ಅವಳ ಹುಬ್ಬು ಮೇಲೇರಿತು. "ತಿಮಿಂಗಿಲ ಮೀನಲ್ಲ. ಅದು... ಮರಿ ಹಾಕುತ್ತದೆ. ಮರಿಗೆ ಹಾಲು ಕೊಡುತ್ತದೆ." ಇನ್ನೊಂದು ಸಾಲು. ಇನ್ನೊಂದು. ಅವಸರವಿಲ್ಲದೆ, ಆದರೆ ನಿಲ್ಲದೆ, ಬೆರಳು ಕಡಲಿನುದ್ದಕ್ಕೂ ಹೋಯಿತು. ಆಮೆ ದಡಕ್ಕೆ ಬಂತು. ಮರಳು ತೋಡಿತು. ಮೊಟ್ಟೆಯನ್ನು ಅದೇ ಇಟ್ಟಿತು.

ಬಾಗಿಲ ಹತ್ತಿರ ಮ್ಯಾನೇಜರು ಕನ್ನಡಕ ತೆಗೆದು ಒರೆಸಿಕೊಂಡರು.

"ನಿಲ್ಲು," ಅಂದಳು ಅತ್ತೆ ತನಗೆ ತಾನೇ. ಬೆರಳು ಒಂದು ಕಡೆ ಎಡವಿತ್ತು. "ಇಲ್ಲಿ ಒಂದು ಚುಕ್ಕೆ ಹೆಚ್ಚಾಗಿದೆ."

ಹುಡುಗಿ ಬಗ್ಗಿ ನೋಡಿದಳು. ಬಿಳಿಯ ಮೇಲೆ ಬಿಳಿ. ಅವಳ ಕಣ್ಣಿಗೆ ಎಲ್ಲ ಚುಕ್ಕೆಯೂ ಒಂದೇ. "ನನಗೆ ಕಾಣ್ತಿಲ್ಲ ಅತ್ತೆ."

"ಕಾಣೋದಲ್ಲ. ಕಣ್ಣು ಮುಚ್ಚು. ಕೈ ಕೊಡು."

ಅತ್ತೆ ಅವಳ ತೋರುಬೆರಳನ್ನು ಹಿಡಿದು ಸಾಲಿನ ಮೇಲೆ ಮೆಲ್ಲಗೆ ಸಾಗಿಸಿದಳು. ಮುಚ್ಚಿದ ಕಣ್ಣಿನ ಕತ್ತಲೆಯಲ್ಲಿ ಮೊದಲು ಎಲ್ಲವೂ ಮರಳಿನ ಹಾಗೆ ಒರಟೊರಟು. ಅತ್ತೆ ಮತ್ತೆ ಸಾಗಿಸಿದಳು. "ಒತ್ತಬೇಡ. ಅದೇ ನಿನಗೆ ಹೇಳತ್ತೆ." ಮತ್ತೊಮ್ಮೆ. ಆಗ, ಅಷ್ಟೆಲ್ಲ ಮರಳಿನ ನಡುವಿನಿಂದ, ಒಂದೇ ಒಂದು ಕಾಳು ಎದ್ದು ಬಂದು ಅವಳ ಬೆರಳಿಗೆ ತಾಕಿತು.

"ಸಿಕ್ತು!" ಹುಡುಗಿ ಕೂಗಿದಳು. ಯಂತ್ರದ ಸದ್ದನ್ನೂ ಮೀರಿ ಹಜಾರದ ಆ ತುದಿಯ ತನಕ ಕೇಳಿಸುವಷ್ಟು ಗಟ್ಟಿಯಾಗಿ.

"ಅಬ್ಬಾ, ಇದೇನು ಪಿಸುಮಾತು!" ಎಂದು ನಗುತ್ತ ಅತ್ತೆ ಮರದ ಕಡ್ಡಿಗಾಗಿ ಕೈ ಚಾಚಿದಳು.